ಆಪ್ತಮಿತ್ರ ಮತ್ತೆ ನೋಡಿದೆ, ತಪ್ಪು ಲೆಕ್ಕ ಹಾಕೋಣ ಬನ್ನಿ (ಆ ಹಾವಿನ ವಿಷಯ ಯಾರಾದ್ರೂ ಹೇಳ್ರಪ್ಪ)

ರಿಮೋಟ್ ರಂಗಣ್ಣ:
ನಿನ್ನೆ ರಾತ್ರಿ ಟಿವಿಯಲ್ಲಿ ‘ಆಪ್ತಮಿತ್ರ’ ಬಂತು. ಮನೇಲಿ ಯಾರೂ ಚಾನೆಲ್ ಬದಲಾಯಿಸಲ್ಲ, ನಿಮ್ಮ ಮನೇಲೂ ಅಷ್ಟೇ ಅಂದ್ಕೊಳ್ತೀನಿ. ನಾನು 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ವಾರವೇ ಥಿಯೇಟರಿನಲ್ಲಿ ನೋಡಿದವನು. ಮಗಳಿಗೆ ಹನ್ನೊಂದು ವರ್ಷ, ಅವಳು ನೋಡಿದ್ದು ಇದೇ ಮೊದಲು. ನಾನು ಡೈಲಾಗ್ ಮುಂಚೆಯೇ ಹೇಳ್ತಾ ಕೂತಿದ್ದೆ. ಅವಳು ಪ್ರಶ್ನೆ ಶುರು ಮಾಡಿದ ಮೇಲೆ ನನ್ನ ಬಾಯಿ ಕಟ್ಟಿತು.

ನೋಡದವರಿಗೆ ಒಂದು ಸಾಲು: ಹಳೇ ಅರಮನೆಗೆ ಬಂದ ಗಂಗಾ (ಸೌಂದರ್ಯ), ಅಲ್ಲಿ ಹಿಂದೆ ರಾಜ ಸುಟ್ಟ ನರ್ತಕಿ ನಾಗವಲ್ಲಿ ತಾನೇ ಅಂದ್ಕೊಳ್ತಾಳೆ, ಅವಳನ್ನ ಗುಣ ಮಾಡೋ ಡಾಕ್ಟರು ದಾದಾ (ವಿಷ್ಣುವರ್ಧನ್). ಗಂಗಾಗೆ ತೆಲುಗು ಎಲ್ಲಿಂದ ಬಂತು? ಕೂದಲು ಕೆದರಿಕೊಂಡು ಮನೆ ಸೀರೆಯಲ್ಲಿ ಕುಣೀತಿದ್ದವಳು ಮುಂದಿನ ಶಾಟ್‌ನಲ್ಲಿ ಮೈತುಂಬ ಒಡವೆ ಹಾಕ್ಕೊಂಡು ದರ್ಬಾರಿನಲ್ಲಿ ಹೇಗೆ? ರಾಜ ಒಬ್ಬನ ತಲೆ ಕಡಿದು ಇನ್ನೊಬ್ಬಳನ್ನ ಸುಟ್ಟನಲ್ಲ, ಅವನನ್ನ ಯಾಕೆ ಯಾರೂ ಹಿಡೀಲಿಲ್ಲ? ಕೊನೆಗೆ, ಆ ಹಾವು ಸಿನಿಮಾದಲ್ಲಿ ಏನು ಕೆಲಸ ಮಾಡ್ತು?

ಇದು ದಾದಾಗೆ ಅಗೌರವ ಅಲ್ಲ, ಮೊದಲೇ ಹೇಳಿದೀನಿ. ಇಷ್ಟಪಟ್ಟ ಸಿನಿಮಾದ ತಪ್ಪೇ ಕಣ್ಣಿಗೆ ಬೀಳೋದು. ಇಷ್ಟ ಇಲ್ಲದ್ದನ್ನ ಎರಡನೇ ಸಲ ಯಾರು ನೋಡ್ತಾರೆ?

ಮುಳಬಾಗಿಲು ಮಂಜ:
ಒಂದನೇ ಪ್ರಶ್ನೆಗೆ ಉತ್ತರ ನಮ್ಮೂರಲ್ಲಿದೆ. ಸೌಂದರ್ಯ ನಮ್ಮ ಮುಳಬಾಗಿಲು ತಾಲ್ಲೂಕಿನವರು. ಇಲ್ಲಿ ಹುಟ್ಟಿದವರಿಗೆ ತೆಲುಗು ಬರೋಕೆ ದೆವ್ವ ಬೇಕಾಗಿಲ್ಲ, ಎದುರುಮನೆ ಅಜ್ಜಿ ಸಾಕು. ತೆಲುಗು ಬರಲಿಲ್ಲ ಅಂದ್ರೆ ಆಗ ಮಂತ್ರವಾದಿ ಹತ್ರ ಕರ್ಕೊಂಡು ಹೋಗ್ತಾರೆ.

ರಿಮೋಟ್ ರಂಗಣ್ಣ:
ಹ್ಹಹ್ಹ. ಮಂಜಣ್ಣ, ಅದು ಸೌಂದರ್ಯ ಅವರ ವಿಷಯ. ನಾನು ಕೇಳಿದ್ದು ಗಂಗಾ ವಿಷಯ.

ಹಳೇ ಅಸಿಸ್ಟೆಂಟ್:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಹದಿನಾಲ್ಕು ವರ್ಷ ಸಹಾಯಕ ನಿರ್ದೇಶಕನಾಗಿದ್ದೆ, ಅದರಲ್ಲಿ ಅರ್ಧ ಕಾಲ ಕಂಟಿನ್ಯುಟಿ ಬುಕ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದ ಹಾಗೆ ಬರೆದಿಡೋ ಪುಸ್ತಕ) ಹಿಡಿದು ನಿಂತದ್ದು.

ಬಟ್ಟೆ ಬದಲಾಗೋದು ಕಂಟಿನ್ಯುಟಿ ತಪ್ಪಲ್ಲ ಸರ್. ಎರಡು ನೋಟ ಹೆಣೆದಿದ್ದಾರೆ. ಬಾಗಿಲಲ್ಲಿ ನಿಂತ ಗಂಡ, ಡಾಕ್ಟರು ನೋಡ್ತಿರೋದು ಕೆದರಿದ ಕೂದಲಿನ ಗಂಗಾನ. ದರ್ಬಾರು, ದೀಪ, ಒಡವೆ ಎಲ್ಲ ಗಂಗಾ ತಲೆಯೊಳಗಿನದು. ಮೂಲ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲೂ (1993) ಇದೇ ಕಟ್ಟುವಿಕೆ. ಅಲ್ಲಿ ಕಲ್ಪನೆಯ ದರ್ಬಾರಿನಲ್ಲಿ ಶೋಭನಾ ಜೊತೆ ಕುಣಿದಿದ್ದು ನಮ್ಮ ಶ್ರೀಧರ್, ‘ಸಂತ ಶಿಶುನಾಳ ಶರೀಫ’ದ ಶ್ರೀಧರ್.

ನಿಜವಾದ ಕಂಟಿನ್ಯುಟಿ ತಪ್ಪು ಬೇರೆ ತರಹ. ಕಥೆಯ ಕ್ರಮದಲ್ಲಿ ಯಾರೂ ಶೂಟ್ ಮಾಡಲ್ಲ. ಹಜಾರದ ಸೀನೆಲ್ಲ ಒಂದು ವಾರ, ಮೆಟ್ಟಿಲಿನದೆಲ್ಲ ಇನ್ನೊಂದು ವಾರ. ಕಲಾವಿದೆ ಮೆಟ್ಟಿಲು ಹತ್ತೋದು ಮಾರ್ಚಿನಲ್ಲಿ, ಮೇಲೆ ಬಂದು ಬಾಗಿಲು ತೆಗೆಯೋದು ಮೇನಲ್ಲಿ. ನಡುವೆ ಅವರು ಇನ್ನೊಂದು ಸಿನಿಮಾ ಮುಗಿಸಿ, ಕೂದಲು ಎರಡಿಂಚು ಕತ್ತರಿಸಿಕೊಂಡು ಬಂದಿರ್ತಾರೆ. ಬೊಟ್ಟು, ಮೂಗುತಿ, ವಾಚು, ಸೆರಗಿನ ಮಡಿಕೆ, ದೀಪದಲ್ಲಿ ಎಣ್ಣೆ ಎಷ್ಟಿತ್ತು, ಮೋಂಬತ್ತಿ ಎಷ್ಟು ಕರಗಿತ್ತು, ಎಲ್ಲ ಬುಕ್ಕಿನಲ್ಲಿ ಬರೀಬೇಕು. ರೀಲಿನ ಕಾಲದಲ್ಲಿ ಶಾಟ್ ಮುಗಿದ ತಕ್ಷಣ ಹಿಂದಕ್ಕೆ ತಿರುಗಿಸಿ ನೋಡೋ ಸೌಲಭ್ಯ ಎಲ್ಲ ಸೆಟ್ಟಿನಲ್ಲಿ ಇರ್ತಿರಲಿಲ್ಲ. ನಮ್ಮ ಕಣ್ಣೇ ಮಾನಿಟರು.

ದೆವ್ವದ ಚಿತ್ರದಲ್ಲಿ ಮೋಂಬತ್ತಿಯೇ ದೊಡ್ಡ ಶತ್ರು. ನಾನು ದುಡಿದ ಒಂದು ಧಾರಾವಾಹಿಯಲ್ಲಿ ನಾಯಕಿ ಹಿಡಿದ ಮೋಂಬತ್ತಿ ಒಂದೇ ಮೆಟ್ಟಿಲು ಇಳಿಯೋಷ್ಟರಲ್ಲಿ ನಾಲ್ಕಿಂಚು ಬೆಳೀತು. ತಪ್ಪು ನನ್ನದೇ. ಯಾರೂ ಗಮನಿಸಲಿಲ್ಲ, ನಮ್ಮಮ್ಮನ ಬಿಟ್ಟು.

ಕಾಲ್ಗೆಜ್ಜೆ:
ಅಸಿಸ್ಟೆಂಟ್ ಸರ್, ಮೂಗುತಿ ಎಡದಿಂದ ಬಲಕ್ಕೆ ಹೋಗೋದು ಹೇಗೆ? ಹಳೇ ಸಿನಿಮಾಗಳಲ್ಲಿ ತುಂಬ ಸಲ ನೋಡಿದೀನಿ.

ಹಳೇ ಅಸಿಸ್ಟೆಂಟ್:
ಅದು ನಮ್ಮ ತಪ್ಪಲ್ಲ ಅಕ್ಕ, ಎಡಿಟಿಂಗ್ ಟೇಬಲ್ಲಿನದು. ಪಾತ್ರ ಎಡಕ್ಕೆ ನೋಡ್ಬೇಕಾದ ಕಡೆ ಬಲಕ್ಕೆ ನೋಡ್ತಿದೆ, ಬೇರೆ ಶಾಟ್ ಇಲ್ಲ. ಆಗ ಫಿಲ್ಮನ್ನೇ ಮಗುಚಿ ಹಾಕ್ತಾರೆ. ನೋಟ ಸರಿಯಾಗುತ್ತೆ, ಮೂಗುತಿ ಬಲಕ್ಕೆ ಹೋಗುತ್ತೆ, ಸೆರಗು ಗುಜರಾತಿ ಸೆರಗಾಗುತ್ತೆ. ಗೋಡೆ ಮೇಲೆ ಕನ್ನಡ ಬೋರ್ಡ್ ಇದ್ರೆ ಮುಗೀತು ಕಥೆ.

ಪಾಲಕ್ಕಾಡ್ ಸೊಸೆ:
ಕಾಸರಗೋಡಿನ ಕನ್ನಡತಿ, ಮದುವೆಯಾಗಿ ಪಾಲಕ್ಕಾಡಿಗೆ ಬಂದವಳು. ಮಲಯಾಳಂ ಮೂಲದ ಬಗ್ಗೆ ಒಂದಿಷ್ಟು.

ಅದರಲ್ಲಿ ಕಥೆ ನಡೆಯೋ ಮಾಡಂಪಳ್ಳಿ ಮನೆ ಒಂದು ಮನೆ ಅಲ್ಲವೇ ಅಲ್ಲ. ಒಂದಷ್ಟು ಭಾಗ ಪದ್ಮನಾಭಪುರಂ ಅರಮನೆ. ಇನ್ನೊಂದಷ್ಟು ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್. ಮೊದಲನೆಯದು ಹಳೇ ತಿರುವಿತಾಂಕೂರಿನ ರಾಜಧಾನಿ, ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ, ನೋಡ್ಕೊಳ್ಳೋದು ಮಾತ್ರ ಕೇರಳ ಸರ್ಕಾರ. ಎರಡನೆಯದು ಕೊಚ್ಚಿ ರಾಜರು 1865ರಲ್ಲಿ ಕಟ್ಟಿಸಿದ್ದು. ನಡುವೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಪದ್ಮನಾಭಪುರಂನ ತಗ್ಗು ಮಾಡು, ಕನ್ನಡಿ ತರಹ ಹೊಳೆಯೋ ಕಪ್ಪು ನೆಲ ನೋಡಿದವರಿಗೆ ಸಿನಿಮಾದಲ್ಲಿ ಅರಮನೆ ಬದಲಾದದ್ದು ತಕ್ಷಣ ಗೊತ್ತಾಗುತ್ತೆ. ನಮ್ಮ ಮಾವ ಪ್ರತಿ ಸಲ ನೋಡುವಾಗಲೂ “ಈಗ ತ್ರಿಪ್ಪೂಣಿತ್ತುರ ಬಂತು” ಅಂತ ಬಸ್ ಕಂಡಕ್ಟರ್ ತರಹ ಹೇಳ್ತಾರೆ.

ಇನ್ನೊಂದು: ನಿರ್ದೇಶಕ ಫಾಸಿಲ್ ಒಬ್ಬರೇ ಶೂಟ್ ಮಾಡಿದ್ದಲ್ಲ. ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್–ಲಾಲ್ ಎರಡನೇ ಯೂನಿಟ್ ನೋಡ್ಕೊಂಡ್ರು. ಅಷ್ಟು ಕೈ ಸೇರಿ ಮಾಡಿದ ಅಡುಗೆ ಒಂದೇ ರುಚಿ ಬಂದದ್ದೇ ಆಶ್ಚರ್ಯ.

ದನಿಯ ಕಥೆಯೂ ಹೀಗೇ. ಗಂಗಾಗೆ ಮಲಯಾಳಂ ದನಿ ಭಾಗ್ಯಲಕ್ಷ್ಮಿ ಅವರದು. ನಾಗವಲ್ಲಿಯಾದಾಗ ಬರೋ ತಮಿಳು ದನಿ ದುರ್ಗಾ ಅನ್ನೋ ಕಲಾವಿದೆಯದು. ಅದನ್ನ ನಿರ್ದೇಶಕರು ಬಾಯಿಬಿಟ್ಟು ಹೇಳೋಕೆ ಇಪ್ಪತ್ತು ವರ್ಷದ ಮೇಲಾಯ್ತು. ನನ್ನ ಪಾಲಿಗೆ ಆ ಚಿತ್ರದ ದೊಡ್ಡ ತಪ್ಪು ತೆರೆಯೊಳಗಿಲ್ಲ, ಹೆಸರಿನ ಪಟ್ಟಿಯಲ್ಲಿದೆ.

ಕೆಂಪು ಪೆನ್ನು:
ನಿವೃತ್ತ ಇತಿಹಾಸ ಮೇಷ್ಟ್ರು ನಾನು. ಮೂರನೇ ಪ್ರಶ್ನೆ ನನ್ನದು.

ಕಥೆಯ ಬುಡ ತಿರುವಿತಾಂಕೂರಿನ ಸೀಮೆಯದು. ಅಲ್ಲಿಂದ ಮನೆಯನ್ನು ಕಿತ್ತು ಕರ್ನಾಟಕದಲ್ಲಿ ನೆಟ್ಟಾಗ ಒಂದು ತೊಂದರೆ ಶುರುವಾಗುತ್ತದೆ. ಮಲಯಾಳಂನಲ್ಲಿ ಖಳ ರಾಜನಲ್ಲ, ಒಂದು ದೊಡ್ಡ ತರವಾಡಿನ (ಕೂಡುಕುಟುಂಬದ ಮನೆತನದ) ಯಜಮಾನ. ಮನೆಯೊಳಗೆ ಕೊಲೆ ಮಾಡಿ ಮುಚ್ಚಿಹಾಕಿದ ಅಂದರೆ ನಂಬಬಹುದು. ಕನ್ನಡದಲ್ಲಿ ಅವನಿಗೆ ಬಡ್ತಿ ಕೊಟ್ಟು ವಿಜಯ ರಾಜೇಂದ್ರ ಬಹದ್ದೂರ್ ಅಂತ ರಾಜನನ್ನಾಗಿ ಮಾಡಿದರು. ಈಗ ಲೆಕ್ಕ ಹಾಕಿ. 2004ರಿಂದ ನೂರೈವತ್ತು ವರ್ಷ ಹಿಂದಕ್ಕೆ ಹೋದರೆ 1854. ಮೈಸೂರು ಸೀಮೆಯ ಆಡಳಿತವನ್ನು ಬ್ರಿಟಿಷರು 1831ರಲ್ಲೇ ಕೈಗೆ ತೆಗೆದುಕೊಂಡಿದ್ದರು. 1834ರಿಂದ 1861ರವರೆಗೆ ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿನ ಹೆಸರಿನ ಅದೇ ಕಬ್ಬನ್. ಅರಮನೆಯಲ್ಲಿದ್ದ ಮುಮ್ಮಡಿಯವರಿಗೇ ಅಧಿಕಾರವಿರಲಿಲ್ಲ, ಇನ್ನು ಈ ಬಹದ್ದೂರ್ ಯಾವ ಲೆಕ್ಕ? ನೂರೇ ವರ್ಷ ಅನ್ನಿ, 1904. ನಾಲ್ವಡಿಯವರ ಕಾಲ. ಪೊಲೀಸು, ಕೋರ್ಟು, ಪತ್ರಿಕೆ ಎಲ್ಲ ಇತ್ತು. ತುಂಬಿದ ದರ್ಬಾರಿನಲ್ಲಿ ತಲೆ ಹಾರಿಸಿ ಸುಮ್ಮನೆ ಸಿಂಹಾಸನದಲ್ಲಿ ಕೂರಲು ಆಗುತ್ತಿರಲಿಲ್ಲ.

ಇದನ್ನು ಟಿಪ್ಪುವಿಗಿಂತ ಹಿಂದಿನ ಪಾಳೇಗಾರರ ಕಾಲಕ್ಕೆ ಇಟ್ಟಿದ್ದರೆ ಒಂದು ಮಾತೂ ಆಡುತ್ತಿರಲಿಲ್ಲ. ಹೆಸರಿನಲ್ಲಿ ‘ಬಹದ್ದೂರ್’ ಇರುವುದು ಮಾತ್ರ ತಪ್ಪಲ್ಲ. ಮೈಸೂರು ಅರಸರಿಗೂ ಆ ಬಿರುದಿತ್ತು.

ಮುಳಬಾಗಿಲು ಮಂಜ:
ಮೇಷ್ಟ್ರೇ, ಜಮೀನ್ದಾರರು ಕೊಂದು ಹೂತುಹಾಕಿದ್ದು ಕೋರ್ಟಿರೋ ಕಾಲದಲ್ಲೂ ನಡೆದಿಲ್ವಾ? ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಊರಲ್ಲಿತ್ತಾ?

ಕೆಂಪು ಪೆನ್ನು:
ನಡೆದಿದೆ, ಒಪ್ಪಿದೆ. ಕದ್ದು ಕೊಲ್ಲುವುದು ಬೇರೆ, ದರ್ಬಾರಿನಲ್ಲಿ ಕೊಲ್ಲುವುದು ಬೇರೆ. ಒಂದು ಅಂಕ ಕಡಿಮೆ ಕಳೆಯುತ್ತೇನೆ.

ಪಾಲಕ್ಕಾಡ್ ಸೊಸೆ:
ಇದಕ್ಕೆ ಸೇರಿಸ್ತೀನಿ. ಮೂಲ ಕಥೆಯ ಬೀಜ 1921ರಲ್ಲಿ ಮುಟ್ಟಂ ಊರಿನ ಆಲುಮ್ಮೂಟ್ಟಿಲ್ ಮನೆತನದಲ್ಲಿ ನಡೆದ ಜೋಡಿ ಕೊಲೆ ಅಂತ ಇಲ್ಲಿ ಹೇಳ್ತಾರೆ. ಆಸ್ತಿ ಸೋದರಳಿಯಂದಿರಿಗೆ ಹೋಗೋ ಪದ್ಧತಿಯ ಮನೆ, ಅದರ ಜಗಳ. ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೇ. ಕನ್ನಡಕ್ಕೆ ತರೋವಾಗ ಆ ಆಸ್ತಿಯ ವಾಸನೆಯೇ ಹೋಯ್ತು, ಪ್ರೇಮ ಮಾತ್ರ ಉಳೀತು. ಮನೆಯನ್ನ ಮೈಸೂರು ಕಡೆಗಲ್ಲ, ಮಂಗಳೂರು ಕಡೆಗೆ ತಂದಿದ್ರೆ ಎಲ್ಲ ಹೊಂದ್ತಿತ್ತು.

ಕಾಲ್ಗೆಜ್ಜೆ:
ಈಗ ನನ್ನ ಸರದಿ. ಹನ್ನೆರಡು ವರ್ಷ ಭರತನಾಟ್ಯ ಕಲಿತವಳು, ಈಗ ಮಕ್ಕಳಿಗೆ ಹೇಳಿಕೊಡ್ತೀನಿ. ಪ್ರತಿ ಸಲ ಆ ಹಾಡು ಬಂದಾಗ ನನಗೆ ಚುಚ್ಚೋದು ಬಟ್ಟೆ.

ನಾಗವಲ್ಲಿಯ ಕಾಲದಲ್ಲಿ ‘ಭರತನಾಟ್ಯ’ ಅನ್ನೋ ಹೆಸರಿನ ನೃತ್ಯವೇ ಚಾಲ್ತಿಯಲ್ಲಿರಲಿಲ್ಲ. ಅದನ್ನ ಸದಿರು, ದಾಸಿಯಾಟ ಅಂತಿದ್ರು. ಮದರಾಸಿನ ಸಂಗೀತ ಅಕಾಡೆಮಿಯಲ್ಲಿ ಹೆಸರು ಬದಲಾದದ್ದು 1930ರ ದಶಕದ ಶುರುವಿನಲ್ಲಿ. ರುಕ್ಮಿಣಿದೇವಿಯವರು ಕಲಾಕ್ಷೇತ್ರ ಶುರು ಮಾಡಿದ್ದು 1936ರಲ್ಲಿ. ನಾವು ಈಗ ಹಾಕೋ ಬೀಸಣಿಗೆ ಮಡಿಕೆಯ, ಹೊಲಿದ ಉಡುಗೆ ಕೂಡ ಆ ಕಾಲದ ಮೇಲಿನದೇ. ಹತ್ತೊಂಬತ್ತನೇ ಶತಮಾನದ ನರ್ತಕಿಯರ ಫೋಟೋ ನೋಡಿ: ಬಿಗಿ ಪೈಜಾಮದ ಮೇಲೆ ದಪ್ಪ ಜರಿ ಸೀರೆ ಸುತ್ತಿರ್ತಾರೆ. ಕನ್ನಡ, ತಮಿಳು, ಹಿಂದಿ, ಯಾವ ಭಾಷೆಯ ನಾಗವಲ್ಲಿಯೂ ಆ ಹಳೇ ಬಟ್ಟೆ ಉಟ್ಟಿಲ್ಲ.

ಆದ್ರೆ ತೆಲುಗು ಹಾಡಿನ ಬಗ್ಗೆ ನಗಬೇಡಿ. ಅದು ಈ ಚಿತ್ರದ ಅತ್ಯಂತ ಸರಿಯಾದ ವಿವರ! ಅಭಿನಯಕ್ಕೆ ಹಾಡೋ ಶೃಂಗಾರದ ಹಾಡುಗಳಾದ ಪದಗಳು, ಜಾವಳಿಗಳು ಬಹುಪಾಲು ತೆಲುಗಿನವೇ. ಕ್ಷೇತ್ರಯ್ಯನ ಪದಗಳಿಂದ ಹಿಡಿದು ಆಸ್ಥಾನದ ಶೃಂಗಾರಕ್ಕೆ ದಕ್ಷಿಣದಲ್ಲೆಲ್ಲ ತೆಲುಗೇ ಭಾಷೆ, ತಂಜಾವೂರಿನ ತಮಿಳು ನೆಲದಲ್ಲೂ. ತಂಜಾವೂರಿನ ನಾಲ್ವರು ಸೋದರರಲ್ಲಿ ವಡಿವೇಲು ತಿರುವಿತಾಂಕೂರಿಗೆ ಸ್ವಾತಿ ತಿರುನಾಳ್ ಆಸ್ಥಾನಕ್ಕೆ ಹೋದರು, ಚಿನ್ನಯ್ಯ ಮೈಸೂರಿಗೆ ಬಂದರು, ಮುಮ್ಮಡಿಯವರ ಕಾಲದಲ್ಲಿ. ಹಾಗಾಗಿ ಮೈಸೂರು ಸೀಮೆಯ ದರ್ಬಾರಿನಲ್ಲಿ ಒಬ್ಬಳು ತೆಲುಗಿನಲ್ಲಿ “ಬಾ” ಅಂತ ಕರೆದು ಅಭಿನಯ ಮಾಡಿದ್ರೆ ಅದು ನೂರಕ್ಕೆ ನೂರು ಸರಿ. ಗೊತ್ತಿದ್ದು ಮಾಡಿದ್ರೋ, ತಮಿಳಿನ ಬದಲು ಪಕ್ಕದ ಭಾಷೆ ಬೇಕು ಅಂತ ಹಾಕಿದ್ರೋ, ಗುಂಡು ಸರಿಯಾದ ಜಾಗಕ್ಕೆ ಬಿದ್ದಿದೆ.

ರಾತ್ರಿ ಪಾಳಿ:
ಗೆಜ್ಜೆ ಅಕ್ಕ, ನಿಮ್ಮ ಬಟ್ಟೆಯ ಆಕ್ಷೇಪಣೆಗೆ ಅಸಿಸ್ಟೆಂಟ್ ಅವರ ಮಾತಿನಲ್ಲೇ ಉತ್ತರ ಇದೆಯಲ್ಲ? ದರ್ಬಾರು ಗಂಗಾ ತಲೆಯೊಳಗಿನದು. 2004ರ ಹೆಂಗಸಿನ ತಲೆಯಲ್ಲಿ ‘ಹಳೇ ಕಾಲದ ನರ್ತಕಿ’ ಅಂದ್ರೆ ಬರೋ ಚಿತ್ರ ಟಿವಿಯಲ್ಲಿ, ಶಾಲೆ ವಾರ್ಷಿಕೋತ್ಸವದಲ್ಲಿ ನೋಡಿದ ಭರತನಾಟ್ಯದ ಉಡುಗೆಯೇ. ಪೈಜಾಮದ ಮೇಲೆ ಸೀರೆ ಸುತ್ತಿದ್ರೆ ಅದು ತಪ್ಪಾಗ್ತಿತ್ತು! ಅವಳಿಗೆ ಗೊತ್ತಿಲ್ಲದ ವಿವರ ಅವಳ ಕಲ್ಪನೆಯಲ್ಲಿ ಬಂದ್ರೆ ಆಗ ನಾಗವಲ್ಲಿ ನಿಜವಾದ ದೆವ್ವ ಅಂತ ಸಾಬೀತಾಗ್ತಿತ್ತು.

ಕಾಲ್ಗೆಜ್ಜೆ:
ಅಯ್ಯೋ. ಇಪ್ಪತ್ತು ವರ್ಷದ ಸಿಟ್ಟು ಒಂದೇ ಏಟಿಗೆ ಇಳಿಸಿಬಿಟ್ರಲ್ಲ.

ಕೆಂಪು ಪೆನ್ನು:
ಹಾಗಾದರೆ ನನ್ನ ರಾಜನೂ ಅವಳ ತಲೆಯೊಳಗಿನವನೇ ಅನ್ನುತ್ತೀರಾ?

ರಾತ್ರಿ ಪಾಳಿ:
ಇಲ್ಲ ಸರ್, ನಿಮ್ಮ ಅಂಕ ಹಾಗೇ ಇರಲಿ. ರಾಜನ ಕಥೆಯನ್ನ ಊರವರೂ ಹೇಳ್ತಾರೆ. ತಲೆಯ ಹೊರಗಿರೋದಕ್ಕೆಲ್ಲ ಸಿನಿಮಾ ಉತ್ತರ ಕೊಡಬೇಕು.

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್. ವೈದ್ಯಕೀಯದ ಬಗ್ಗೆ ನಾಲ್ಕು ಮಾತು. ಈ ಚಿತ್ರ ನೋಡಿ ಬಂದ ಸಂಬಂಧಿಕರು ಇವತ್ತಿಗೂ ನಮ್ಮ ವಾರ್ಡಿನಲ್ಲಿ “ಸ್ಕಿಜೋಫ್ರೇನಿಯಾ ಅಂದ್ರೆ ನಾಗವಲ್ಲಿ ತರಹ ಅಲ್ವಾ ಸಿಸ್ಟರ್” ಅಂತಾರೆ. ಅಲ್ಲವೇ ಅಲ್ಲ. ಸ್ಕಿಜೋಫ್ರೇನಿಯಾದಲ್ಲಿ ಇನ್ನೊಬ್ಬ ವ್ಯಕ್ತಿ ಒಳಗೆ ಬಂದು ಕೂರಲ್ಲ. ಇಲ್ಲದ ದನಿ ಕೇಳುತ್ತೆ, ಯೋಚನೆಯ ಎಳೆ ಬಿಡುತ್ತೆ, ಅನುಮಾನ ಗಟ್ಟಿಯಾಗುತ್ತೆ. ಗೊಂದಲಕ್ಕೆ ಹೆಸರೇ ಕಾರಣ. ಗ್ರೀಕ್‌ನಲ್ಲಿ ಅದಕ್ಕೆ ಸೀಳಿದ ಮನಸ್ಸು ಅಂತ ಅರ್ಥ, ನಮ್ಮ ಕನ್ನಡದ ಪುಸ್ತಕಗಳಲ್ಲೂ ‘ಇಚ್ಚಿತ್ತ ವಿಕಲತೆ’ ಅಂತ ಬರೆದಿರ್ತಾರೆ. ಎರಡು ಚಿತ್ತ ಅಂದ ಮೇಲೆ ಜನ ಇನ್ನೇನು ತಿಳ್ಕೊಳ್ತಾರೆ?

ಗಂಗಾದು ಬೇರೆ ಗುಂಪಿನ ಕಾಯಿಲೆ. ಹಿಂದೆ ಬಹು ವ್ಯಕ್ತಿತ್ವ ಅಂತಿದ್ರು, 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದರ ಹೆಸರನ್ನೇ ಬದಲಾಯಿಸ್ತು. ನಮ್ಮ ಕಡೆ ನಾವು ಹೆಚ್ಚು ನೋಡೋದು ಮೈಮೇಲೆ ಬರೋದನ್ನ: ದೇವರು, ಸತ್ತ ಅತ್ತೆ, ಊರಿನ ಮಾರಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇದೆ. ಆ ಅರ್ಥದಲ್ಲಿ ನೂರು ವರ್ಷದ ಹಿಂದಿನ ನರ್ತಕಿ ಬರೋದು ಅಮೆರಿಕದ ಸಿನಿಮಾಗಳ ಹತ್ತು ವ್ಯಕ್ತಿತ್ವಕ್ಕಿಂತ ನಮ್ಮ ನೆಲಕ್ಕೆ ಹತ್ತಿರ.

ತಪ್ಪು ಇರೋದು ಚಿಕಿತ್ಸೆಯಲ್ಲಿ. ರಾಜನ ಬೊಂಬೆಯನ್ನ ಅವಳ ಕೈಯಲ್ಲಿ ಕೊಲ್ಲಿಸಿ, ಮಾರನೇ ದಿನ “ನಾನು ಗಂಗಾ” ಅಂತ ಎಬ್ಬಿಸಿದ್ರಲ್ಲ, ಅಷ್ಟು ಸುಲಭ ಆಗಿದ್ರೆ ನನಗೆ ರಾತ್ರಿ ಪಾಳಿಯೇ ಇರ್ತಿರಲಿಲ್ಲ. ಕೊಲ್ಲೋ ಆಸೆ ಇರೋ ರೋಗಿಯ ಮುಂದೆ ಡಾಕ್ಟರೇ ಬಲಿಯ ವೇಷ ಹಾಕಿ ನಿಲ್ಲೋದು ಯಾವ ಆಸ್ಪತ್ರೆಯಲ್ಲೂ ನಡೆಯಲ್ಲ. ರಾಜನ ವೇಷದಲ್ಲಿ ದಾದಾ ಕೂಗೋ ಆ ‘ಹೌಲಾ ಹೌಲಾ’ ಮಾತ್ರ ಕ್ಷಮಿಸ್ತೀನಿ, ಥಿಯೇಟರಿನಲ್ಲಿ ನಾನೂ ಸೀಟಿ ಹೊಡೆದಿದ್ದೆ.

ರಿಮೋಟ್ ರಂಗಣ್ಣ:
ಸಿಸ್ಟರ್, ತೆಲುಗು? ಕಲಿಯದ ಭಾಷೆ ಬರುತ್ತಾ?

ರಾತ್ರಿ ಪಾಳಿ:
ಕಿವಿಗೆ ಬೀಳದ ಭಾಷೆ ಬಂದದ್ದಕ್ಕೆ ಒಪ್ಪೋಂಥ ಪುರಾವೆ ಇಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಅನ್ನೋ ಮನೋವೈದ್ಯರು ಇಂಥ ಪ್ರಸಂಗಗಳನ್ನ ಹುಡುಕಿಕೊಂಡು ಇಂಡಿಯಾಕ್ಕೂ ಬಂದಿದ್ರು. ನಾಗಪುರದ ಒಬ್ಬ ಮರಾಠಿ ಮಹಿಳೆ ಆಗಾಗ ಬೇರೆಯವಳಾಗಿ ಬಂಗಾಳಿ ಮಾತಾಡ್ತಿದ್ರು, ಅದರ ಬಗ್ಗೆ ಬರೆದ್ರು. ಆಕೆ ಮೊದಲೇ ಸ್ವಲ್ಪ ಬಂಗಾಳಿ ಕಲಿತಿದ್ದ ವಿಷಯವನ್ನ ವಿಮರ್ಶಕರು ಎತ್ತಿ ತೋರಿಸಿದ್ರು. ಒಳಗೆ ಬಿದ್ದದ್ದು ಮರೆತುಹೋಗಿ ಆಮೇಲೆ ‘ಯಾರೋ ಹೇಳಿಸಿದ’ ಹಾಗೆ ಹೊರಗೆ ಬರಬಹುದು. ಗಂಗಾ ಚಿಕ್ಕವಳಿದ್ದಾಗ ಪಕ್ಕದ ಮನೇಲಿ ತೆಲುಗರಿದ್ರು ಅಂತ ಒಂದೇ ಒಂದು ಸಾಲು ಹಾಕಿದ್ರೆ ಸಾಕಿತ್ತು.

ಮುಳಬಾಗಿಲು ಮಂಜ:
ಅದನ್ನೇ ಅಲ್ವಾ ನಾನು ಎರಡನೇ ಕಾಮೆಂಟಿನಲ್ಲೇ ಹೇಳಿದ್ದು? ಎದುರುಮನೆ ಅಜ್ಜಿ!

ರಾತ್ರಿ ಪಾಳಿ:
ಮಂಜಣ್ಣ ಗೆದ್ದರು. ಗಂಗಾ ಊರು ಮುಳಬಾಗಿಲು.

ಪಂಚಾಂಗ ಪುಟ್ಟ:
ಯಾರೂ ಆಕಾಶ ನೋಡಲ್ವಾ? ಕ್ಲೈಮ್ಯಾಕ್ಸ್ ದುರ್ಗಾಷ್ಟಮಿ ರಾತ್ರಿ. ಶುಕ್ಲ ಅಷ್ಟಮಿ ಅಂದ್ರೆ ಅರ್ಧ ಚಂದ್ರ, ನಡುರಾತ್ರಿ ಹೊತ್ತಿಗೆ ಪಶ್ಚಿಮದಲ್ಲಿ ಮುಳುಗ್ತಾನೆ. ಯಾವ ಭಾಷೆಯ ರೀಮೇಕ್ ಆಗಲಿ, ಆ ರಾತ್ರಿ ಹನ್ನೆರಡರ ಮೇಲೆ ಕಿಟಕಿಯಿಂದ ಬೆಳದಿಂಗಳು ಸುರಿದ್ರೆ ಅದು ಲೈಟ್‌ಬಾಯ್ ಕೃಪೆ. ಅಮಾವಾಸ್ಯೆ ರಾತ್ರಿ ಹುಣ್ಣಿಮೆ ಚಂದ್ರನನ್ನ ತೋರಿಸಿದ ದೆವ್ವದ ಸಿನಿಮಾಗಳ ಮುಂದೆ ಇದು ಪುಣ್ಯವಂತ ತಪ್ಪು, ಬಿಡಿ.

ಹಳೇ ಅಸಿಸ್ಟೆಂಟ್:
ಕತ್ತಲಲ್ಲಿ ಕತ್ತಲು ಶೂಟ್ ಮಾಡಿದ್ರೆ ನಿಮಗೆ ಏನು ಕಾಣುತ್ತೆ ಪುಟ್ಟಣ್ಣ? ಆ ನೀಲಿ ಬೆಳಕು ಚಂದ್ರನದಲ್ಲ, ಪ್ರೇಕ್ಷಕನದು.

ಲಂಡನ್ ಲಕ್ಕಿ:
ಈ ರೋಗ ಎಲ್ಲ ಕಡೆ ಇದೆ. ‘ದ ಕಾಂಜ್ಯೂರಿಂಗ್ 2’ ನೋಡಿ, ಕಥೆ 1977ರ ಲಂಡನ್ನಿಗೆ ಬಂದಾಗ ಹಿನ್ನೆಲೆಯಲ್ಲಿ ಹಾಕಿರೋ ಹಾಡು ‘ಲಂಡನ್ ಕಾಲಿಂಗ್’. ಅದು ಬಂದಿದ್ದೇ 1979ರ ಕೊನೆಗೆ. ಅದಕ್ಕಿಂತ ಮಜಾ ಅಂದ್ರೆ ಆ ಕಥೆಗೆ ಮೂಲವಾದ ಲಂಡನ್ನಿನ ಎನ್‌ಫೀಲ್ಡ್ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ದಾಖಲಿಸಿದವರು ಮೌರಿಸ್ ಗ್ರೋಸ್, ಗೈ ಲಯನ್ ಪ್ಲೇಫೇರ್ ಅನ್ನೋ ಇಬ್ಬರು. ಸಿನಿಮಾದಲ್ಲಿ ಅಮೆರಿಕದಿಂದ ಸ್ವಲ್ಪ ದಿನಕ್ಕೆ ಬಂದುಹೋದ ದಂಪತಿಯೇ ಹೀರೋಗಳು. ನಿಜ ಘಟನೆ ಅಂತ ಬೋರ್ಡ್ ಹಾಕಿ ಹೀಗೆ ಮಾಡೋದಕ್ಕಿಂತ ನಮ್ಮ ರಾಜೇಂದ್ರ ಬಹದ್ದೂರ್ ಪ್ರಾಮಾಣಿಕ.

ರಿಮೋಟ್ ರಂಗಣ್ಣ:
ಎಲ್ಲ ಸರಿ. ಹಾವು?

ಆಗುಂಬೆ ಮಳೆ:
ಬಂದೆ. ಹಾವು ನೋಡ್ತಾ ಬೆಳೆದ ಊರಿನವನು.

ನಾಗರ ಅಂದ್ರೆ ಆರೇಳು ಅಡಿಗೆ ಮುಗೀತು. ಹೆಡೆ ಬಿಚ್ಚೋ ಹಾವುಗಳಲ್ಲಿ ದೊಡ್ಡದು ಕಾಳಿಂಗ. ಸಾಮಾನ್ಯ ಹತ್ತು ಹನ್ನೆರಡು ಅಡಿ, ಅಳತೆಗೆ ಸಿಕ್ಕ ಅತಿ ಉದ್ದದ್ದೂ ಹದಿನೆಂಟು ಅಡಿ ಚಿಲ್ಲರೆ. ಸಿನಿಮಾದ ಹಾವು ಇವೆರಡಕ್ಕೂ ಅಜ್ಜ. ಮತ್ತೆ, ಕಾಳಿಂಗ ತಿನ್ನೋದು ಬೇರೆ ಹಾವುಗಳನ್ನ. ಅಂಥ ಗಾತ್ರದ್ದು ಬೀಗ ಹಾಕಿದ ಅರಮನೆಯಲ್ಲಿ ವರ್ಷಗಟ್ಟಲೆ ಇರಬೇಕಾದ್ರೆ ಅರಮನೆ ತುಂಬ ಕೇರೆ, ನಾಗರ ಸಾಕಿರಬೇಕು. ನಿಧಿ ಕಾಯೋದು, ರೂಮು ಕಾಯೋದು ಯಾವುದೂ ಹಾವಿನ ಕೆಲಸ ಅಲ್ಲ. ಹೆಣ್ಣು ಕಾಳಿಂಗ ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತೆ, ಅಷ್ಟೇ.

ವಿಷಯ ಬಂತು ಅಂತ ಹೇಳ್ತೀನಿ: 2024ರಲ್ಲಿ ಕಾಳಿಂಗವನ್ನ ನಾಲ್ಕು ಪ್ರಭೇದ ಅಂತ ವಿಂಗಡಿಸಿದ್ರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲೇ ‘ಕಾಳಿಂಗ’ ಇದೆ, ಕನ್ನಡದಿಂದಲೇ ತಗೊಂಡದ್ದು. ಹಾವಿಗೆ ಸಿನಿಮಾದಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಕ್ತು.

ಪಾಲಕ್ಕಾಡ್ ಸೊಸೆ:
ಮಲಯಾಳಂನಲ್ಲಿ ಆ ಹಾವೇ ಇಲ್ಲ. ಕನ್ನಡಕ್ಕೆ ತರೋವಾಗ ನಿರ್ದೇಶಕ ಪಿ. ವಾಸು ಸೇರಿಸಿದ್ದು, ಆಮೇಲೆ ಅವರೇ ತಮಿಳಿನಲ್ಲಿ ಮಾಡಿದ ‘ಚಂದ್ರಮುಖಿ’ಗೂ (2005) ಹರಿದುಕೊಂಡು ಹೋಯ್ತು.

ಕೆಂಪು ಪೆನ್ನು:
ಇದೇ ನೋಡಿ ನಾನು ಹೇಳಬೇಕೆಂದಿದ್ದದ್ದು. ಮೂಲದಲ್ಲಿ ಎಲ್ಲವೂ ಒಬ್ಬಳ ಮನಸ್ಸಿನ ಕಾಯಿಲೆಗೆ ಹೊಂದುತ್ತದೆ. ಊರು ಬದಲಾಯಿಸುವಾಗ ಸೇರಿಸಿದ್ದು ಮಾತ್ರ ಹೊಂದುವುದಿಲ್ಲ: ರಾಜ, ಹಾವು. ಹಾವನ್ನು ಗಂಗಾ ಅಲ್ಲದವರೂ ನೋಡುತ್ತಾರೆ, ಆದ್ದರಿಂದ ಅದನ್ನು ತಲೆಯೊಳಗೆ ತಳ್ಳಲೂ ಆಗದು.

ಸಾಹಸಸಿಂಹ ಭಕ್ತ:
ಎಲ್ಲ ಓದಿದೆ, ಬೈಯೋಕೆ ಅಂತ ಬಂದೆ, ಬೈಯೋಕೆ ಆಗ್ತಿಲ್ಲ. ಆದ್ರೆ ದೊಡ್ಡ ತಪ್ಪನ್ನ ಯಾರೂ ಹೇಳಲಿಲ್ಲ. ‘ಆಪ್ತಮಿತ್ರ’ದಲ್ಲಿ ದೆವ್ವ ಇಲ್ಲ, ಎಲ್ಲ ಮನಸ್ಸು ಅಂತ ದಾದಾ ಎರಡೂವರೆ ಗಂಟೆ ವಿವರಿಸ್ತಾರೆ. 2010ರ ‘ಆಪ್ತರಕ್ಷಕ’ದಲ್ಲಿ ಅದೇ ರಾಜ ಇನ್ನೂ ಜೀವಂತ! ಒಂದು ಸಿನಿಮಾದಿಂದ ಇನ್ನೊಂದಕ್ಕೆ ಇಷ್ಟು ದೊಡ್ಡ ಕಂಟಿನ್ಯುಟಿ ತಪ್ಪು ಮೋಂಬತ್ತಿ ಅಣ್ಣನೂ ಮಾಡಿರಲ್ಲ.

ಆದ್ರೂ ನಾನು ಅದನ್ನ ತಪ್ಪು ಅನ್ನಲ್ಲ. ಆ ಸಿನಿಮಾ ಬಂದಾಗ ದಾದಾ ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಸೌಂದರ್ಯ ಮೇಡಂ ಕೂಡ ‘ಆಪ್ತಮಿತ್ರ’ ತೆರೆಗೆ ಬರೋಕೆ ಮುಂಚೆಯೇ, ಅದೇ ವರ್ಷ ಏಪ್ರಿಲ್‌ನಲ್ಲಿ, ವಿಮಾನ ಅಪಘಾತದಲ್ಲಿ ಹೋದ್ರು. ಥಿಯೇಟರಿನಲ್ಲಿ ಕೂತು ನಾವು ನೋಡಿದ್ದು ಇಲ್ಲದವರನ್ನೇ.

ಲಂಡನ್ ಲಕ್ಕಿ:
ಭಕ್ತರೇ, ದಾಖಲೆ ಇರೋ ಅತಿ ದೀರ್ಘಾಯುಷಿ ಫ್ರಾನ್ಸಿನ ಜಾನ್ ಕಾಲ್ಮಾ, 122 ವರ್ಷ 164 ದಿನ. ಮೇಷ್ಟ್ರ ಲೆಕ್ಕದ ಪ್ರಕಾರ ರಾಜ ಆ ದಾಖಲೆ ಮುರಿದೇ ಬಿಟ್ಟ.

ರಿಮೋಟ್ ರಂಗಣ್ಣ:
ಮಗಳಿಗೆ ಎಲ್ಲ ಓದಿ ಹೇಳಿದೆ. ತೆಲುಗಿಗೆ ಅಜ್ಜಿ ಸಾಕು ಅಂದಳು, ಬಟ್ಟೆ ಒಪ್ಪಿದಳು, ರಾಜನನ್ನ ಒಪ್ಪಲಿಲ್ಲ. ಹಾವಿನ ಬಗ್ಗೆ ಅವಳದೇ ಒಂದು ಉತ್ತರ: “ಅದು ಅಲ್ಲೇ ಇದ್ದ ಹಾವು ಅಪ್ಪ. ಇವರೇ ಅದರ ಮನೆಗೆ ಶೂಟಿಂಗಿಗೆ ಹೋಗಿರೋದು.”

ಆಗುಂಬೆ ಮಳೆ:
ನಮ್ಮೂರಿಗೆ ಕಳಿಸಿ ಆ ಮಗೂನ.

ಹಳೇ ಅಸಿಸ್ಟೆಂಟ್:
ಭಾನುವಾರ ಮಧ್ಯಾಹ್ನ ಮತ್ತೆ ಹಾಕ್ತಾರಂತೆ. ಈ ಸಲ ಎಲ್ಲರೂ ಕೋಣೆಯ ಬೀಗ ತೆಗೆಯೋ ಸೀನ್ ನೋಡಿ, ಕೀ ಯಾವ ಕೈಯಲ್ಲಿದೆ ಅಂತ ಬರೆದಿಡಿ. ಒಳಗೆ ಹೋದ ಮೇಲೆ ಯಾವ ಕೈಯಲ್ಲಿದೆ ಅದನ್ನೂ. ನಾನು ಹೇಳಲ್ಲ.